ಮನೆಯ ಹೊಲಿಗೆ ಮಿಷನ್ನಿಗೆ ಮೊದಲು ಶುಚಿ, ಆಮೇಲೆ ಎಣ್ಣೆ

ನವರಾತ್ರಿ ಹತ್ತಿರವಾಗುತ್ತಿದ್ದಂತೆ ಮೈಸೂರು, ಮಂಡ್ಯದ ಕಡೆ ಗೋಡೆಬದಿಯಲ್ಲಿ ಮುಸುಕು ಹೊದ್ದು ಕೂತಿದ್ದ ಹೊಲಿಗೆ ಮಿಷನ್ನುಗಳು ನಡುಮನೆಗೆ ಬರುತ್ತವೆ. ಆಯುಧಪೂಜೆಗೆಂದು ಅವನ್ನು ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕುತ್ತೇವೆ. ಆದರೆ ಆ ದಿನ ಶುಚಿಯಾಗುವುದು ಬಹುಪಾಲು ಹೊರಮೈ ಮಾತ್ರ. ಸೂಜಿಯ ಕೆಳಗಿನ ತಟ್ಟೆಯ ಅಡಿಯಲ್ಲಿ, ಮೇಲಿನ ದಾರವನ್ನು ಕೆಳದಾರಕ್ಕೆ ಹೆಣೆಯುವ ಶೆಟಲ್ ಕೂರುವ ಗೂಡಿನಲ್ಲಿ ವರ್ಷವಿಡೀ ಸೇರಿಕೊಂಡ ನೂಲಿನ ಧೂಳು ಹಾಗೆಯೇ ಉಳಿದಿರುತ್ತದೆ, ಮಾರನೆಯ ದಿನ ಅದರ ಮೇಲೆಯೇ ಧಾರಾಳವಾಗಿ ಎಣ್ಣೆ ಬೀಳುತ್ತದೆ. ಎಣ್ಣೆಯೂ ನೂಲಿನ ಧೂಳೂ ಕಲೆತರೆ ಆಗುವುದು ಕಲ್ಕ. ಆ ಕಲ್ಕ ಒಣಗಿ ಗಟ್ಟಿಯಾದ ಮೇಲೆ ಮಿಷನ್ ಬಿಗಿಯುತ್ತದೆ, ಬಿಗಿಯಾಯಿತೆಂದು ನಾವು ಇನ್ನಷ್ಟು ಎಣ್ಣೆ ಬಿಡುತ್ತೇವೆ.

ಮನೆಯಲ್ಲಿ ಹೊಲಿಗೆ ಕಲಿಸುತ್ತ ಬಂದಿರುವ ನನಗೆ ಈ ಒಂದು ತಪ್ಪನ್ನು ತಿದ್ದಿದಷ್ಟು ಬೇರಾವುದನ್ನೂ ತಿದ್ದಿದ ನೆನಪಿಲ್ಲ. ಪಾಂಡವಪುರದ ಕಡೆಯಿಂದ ಕಲಿಯಲು ಬರುತ್ತಿದ್ದ ಒಬ್ಬ ಹೆಣ್ಣುಮಗಳು ಒಮ್ಮೆ, "ಅಕ್ಕ, ದಿನಾ ಎಣ್ಣೆ ಬಿಡ್ತೀನಿ, ಆದ್ರೂ ಕಲ್ಲು ತುಳ್ದಂಗಾಯ್ತದೆ" ಎಂದಳು. ಅವಳ ಮನೆಗೆ ಹೋದಾಗ ಸೂಜಿ ತಟ್ಟೆಯ ಎರಡು ತಿರುಪು ಬಿಚ್ಚಿ ನೋಡಿದೆವು. ಹಳೆಯ ಕಂಬಳಿಯ ತುಂಡಿನಂತೆ ಒತ್ತಿ ಕೂತಿದ್ದ ಬೂದು ಬಣ್ಣದ ಪದರವೊಂದು ಇಡಿಯಾಗಿ ಎದ್ದು ಬಂತು. ಅದನ್ನು ಬೆಳಕಿಗೆ ಹಿಡಿದರೆ ಒಂದರ ಮೇಲೊಂದು ಹಸಿರು, ಕಡುಗೆಂಪು, ಅರಿಶಿನ ಬಣ್ಣದ ಎಳೆಗಳ ಸಣ್ಣ ಸಣ್ಣ ಪಟ್ಟೆಗಳು; ಯಾವ ಹಬ್ಬಕ್ಕೆ ಯಾವ ರವಿಕೆ ಹೊಲಿದಿದ್ದೆನೆಂದು ಅವಳು ಒಂದೊಂದೇ ಪಟ್ಟೆಯನ್ನು ತೋರಿಸಿ ಹೇಳಿದಳು. ಆ ಪದರವನ್ನು ತೆಗೆದ ಮೇಲೆ, ಒಂದು ಹನಿ ಎಣ್ಣೆಯನ್ನೂ ಬಿಡುವ ಮೊದಲೇ, ಚಕ್ರ ಬೆರಳ ತುದಿಗೆ ತಿರುಗಿತು.

ಈ ಧೂಳು ಹೊರಗಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ಹೊಲಿಗೆಯಿಂದಲೇ ಹುಟ್ಟುತ್ತದೆ. ರೀಲಿನಿಂದ ಇಳಿದ ದಾರದ ಒಂದೇ ತುಂಡು ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಮೇಲೆ ಕೆಳಗೆ ಆಡಿದ ಮೇಲೆಯೇ ಬಟ್ಟೆಯಲ್ಲಿ ಗಂಟಾಗಿ ಕೂರುತ್ತದೆ, ಮತ್ತು ಆ ಪ್ರತಿ ಆಟದಲ್ಲೂ ಅದರ ಮೈಯಿಂದ ಒಂದಿಷ್ಟು ಹಿಂಜಲು ಉದುರುತ್ತದೆ. ಹತ್ತಿಯ ದಾರ ಹೆಚ್ಚು ಉದುರಿಸುತ್ತದೆ, ಪಾಲಿಯೆಸ್ಟರ್ ಕಡಿಮೆ. ಬದನವಾಳಿನ ಖಾದಿಯಂಥ ಕೈನೂಲಿನ ಬಟ್ಟೆಯನ್ನೋ, ಟವೆಲ್ ಬಟ್ಟೆಯನ್ನೋ ಒಂದು ದಿನ ಹೊಲಿದರೆ ರೇಷ್ಮೆ ರವಿಕೆಗಳನ್ನು ವಾರವಿಡೀ ಹೊಲಿದಷ್ಟು ಹಿಂಜಲು ಸೇರುತ್ತದೆ. ಇದರ ಜೊತೆಗೆ ಮಂಡ್ಯದ ಹಳ್ಳಿಗಳಲ್ಲಿ ಜಗುಲಿಯ ಮೇಲೆ ಮಿಷನ್ ಇಟ್ಟುಕೊಂಡವರಿಗೆ ಕಬ್ಬಿನ ತರಗು ಸುಡುವ ಕಾಲದ ಕರಿಬೂದಿ, ಆಲೆಮನೆಯ ಹೊಗೆಯ ಮಸಿ, ಭತ್ತ ಬಡಿಯುವಾಗಿನ ಸುಂಕು ಇವೂ ಸೇರಿಕೊಳ್ಳುತ್ತವೆ. ಅಂಥವರು ಉಳಿದವರಿಗಿಂತ ಎರಡು ಪಟ್ಟು ಸಲ ಶುಚಿ ಮಾಡಬೇಕು.

ನಿಮ್ಮ ಮಿಷನ್ ಯಾವುದು?

ಮುಂದೆ ಹೇಳುವುದೆಲ್ಲ ಮುಖ್ಯವಾಗಿ ನಮ್ಮ ಮನೆಗಳಲ್ಲಿ ಹೆಚ್ಚಾಗಿರುವ, ಎರಕದ ಕಬ್ಬಿಣದ ಮೈಯುಳ್ಳ, ಕಾಲಲ್ಲಿ ತುಳಿಯುವ ಅಥವಾ ಪಕ್ಕಕ್ಕೆ ಮೋಟಾರ್ ಕೂರಿಸಿಕೊಂಡ ಉಷಾ, ಸಿಂಗರ್, ರೀಟಾ ಮಾದರಿಯ ಮಿಷನ್ನುಗಳಿಗೆ ಅನ್ವಯಿಸುತ್ತದೆ. ಇವುಗಳ ನೆತ್ತಿಯ ಮೇಲೆ ಮತ್ತು ಬೆನ್ನಿನ ಕಡೆ ಸಣ್ಣ ಸಣ್ಣ ಎಣ್ಣೆ ರಂಧ್ರಗಳು ಕಾಣುತ್ತವೆ. ರಂಧ್ರವಿದ್ದರೆ ಅದು ಎಣ್ಣೆ ಬೇಡುವ ಮಿಷನ್ ಎಂದೇ ತಿಳಿಯಬಹುದು. ಪ್ಲಾಸ್ಟಿಕ್ ಹೊದಿಕೆಯ, ಹಲವು ಬಗೆಯ ಹೊಲಿಗೆ ಹಾಕುವ ವಿದ್ಯುತ್ ಮಿಷನ್ನುಗಳ ಒಳಗಿನ ಕೆಲವು ಭಾಗಗಳಿಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತಾರೆ. ಅವುಗಳ ಹೊದಿಕೆಯನ್ನು ಬಿಚ್ಚಬೇಡಿ. ಜೊತೆಗೆ ಬಂದ ಕೈಪಿಡಿ ಎಲ್ಲಿ ಎಣ್ಣೆ ಬಿಡಿ ಎಂದು ಹೇಳಿದೆಯೋ ಅಲ್ಲಿಗೆ ಮಾತ್ರ ಬಿಡಿ. ಕೆಳದಾರ ಸುತ್ತಿದ ಸಣ್ಣ ಉರುಳೆಯನ್ನು, ಅಂದರೆ ಬಾಬಿನ್ನನ್ನು, ಮೇಲಿನಿಂದಲೇ ಇಳಿಬಿಡುವ ಮಾದರಿಯಾದರೆ ಅದರ ಪ್ಲಾಸ್ಟಿಕ್ ಬಟ್ಟಲಿಗೆ ಎಣ್ಣೆ ಸೋಕಿಸಲೇಬಾರದು, ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಗಾರ್ಮೆಂಟ್ಸಿನಲ್ಲಿ ಬಳಸುವ ಪವರ್ ಮಿಷನ್ನುಗಳದ್ದು ಬೇರೆಯೇ ದಾರಿ. ಅವುಗಳ ಅಡಿಯಲ್ಲಿ ಎಣ್ಣೆಯ ತೊಟ್ಟಿಯಿದ್ದು, ತಾನೇ ಎಣ್ಣೆಯನ್ನು ಮೇಲಕ್ಕೆತ್ತಿಕೊಳ್ಳುತ್ತವೆ.

ಹೊಸ ಮಿಷನ್ನಿಗೆ ಎಣ್ಣೆ ಬೇಡವೆಂಬ ನಂಬಿಕೆಯೂ ಇದೆ. ಕಸುಬುದಾರರಿಗೆ ಉಪಕರಣ ಕೊಳ್ಳಲು ನೆರವು ಕೊಡುವ, 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿರುವುದರಿಂದ ಈಚೆಗೆ ಎಷ್ಟೋ ಮನೆಗಳಿಗೆ ಹೊಸ ಮಿಷನ್ ಬಂದಿದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತು ಬಂದ ಮಿಷನ್ನಿನ ಎಣ್ಣೆ ಆರಿರುತ್ತದೆ. ಕಬ್ಬಿಣದ ಮೈಯ ಹೊಸ ಮಿಷನ್ನನ್ನೂ ಮೊದಲ ಹೊಲಿಗೆಗೆ ಮುನ್ನ ಒರೆಸಿ, ಎಣ್ಣೆ ಬಿಟ್ಟು, ಬರಿದೇ ಓಡಿಸಬೇಕು.

ಎಣ್ಣೆಯ ವಿಚಾರ

ಅಂಗಡಿಯಲ್ಲಿ ಮಿಷನ್ ಎಣ್ಣೆ ಎಂದು ಕೇಳಿದರೆ ಕೊಡುವ, ನೀರಿನಂತೆ ತಿಳಿಯಾಗಿ ವಾಸನೆಯಿಲ್ಲದಿರುವ ತೆಳು ಖನಿಜ ಎಣ್ಣೆಯೊಂದೇ ಇದಕ್ಕೆ ತಕ್ಕದ್ದು. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಮುತ್ತ, ಮಂಡ್ಯದ ಪೇಟೆ ಬೀದಿಯಲ್ಲಿ, ಗುಂಡಿ ದಾರ ಮಾರುವ ಯಾವ ಅಂಗಡಿಯಲ್ಲಾದರೂ ಕೇಳಿ ನೋಡಿ. ಬಾಟಲಿಯನ್ನು ಬೆಳಕಿಗೆ ಹಿಡಿದು, ಹಳದಿಗೆ ತಿರುಗಿದ್ದರೆ ಬೇಡವೆನ್ನಿ. ಅಡುಗೆಮನೆಯ ಎಣ್ಣೆ ಯಾವುದೇ ಇರಲಿ, ಕಡಲೆಕಾಯಿ, ಸೂರ್ಯಕಾಂತಿ, ಹರಳು, ಮಿಷನ್ನಿಗೆ ಸಲ್ಲದು. ಬೀಜದ ಎಣ್ಣೆಗಳು ಗಾಳಿ ತಗುಲಿ ನಿಧಾನವಾಗಿ ಅಂಟಾಗುತ್ತವೆ. ಒಲೆಯ ಪಕ್ಕದ ಎಣ್ಣೆ ಡಬ್ಬಿಯ ಹೊರಮೈ ಹೇಗೆ ಮೇಣಮೇಣವಾಗುತ್ತದೋ ಅದೇ ಸಂಗತಿ ಮಿಷನ್ನಿನ ಒಳಗೂ ನಡೆಯುತ್ತದೆ.

ತೆಂಗಿನೆಣ್ಣೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದರ ಪಾಡನ್ನು ನಾನೇ ಪಟ್ಟಿದ್ದೇನೆ. ಹಲವು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳಲ್ಲಿ, ಮನೆಯಲ್ಲಿ ಮಿಷನ್ ಎಣ್ಣೆ ಮುಗಿದಿದ್ದ ರಾತ್ರಿ, ಬೆಳಗಾದರೆ ಕೊಡಬೇಕಾಗಿದ್ದ ಮದುವೆ ರವಿಕೆಗಳ ಆತುರದಲ್ಲಿ ತಲೆಗೆ ಹಚ್ಚುವ ತೆಂಗಿನೆಣ್ಣೆಯನ್ನು ಬೆಚ್ಚಗೆ ಮಾಡಿ ಎಲ್ಲ ರಂಧ್ರಗಳಿಗೂ ಬಿಟ್ಟೆ. ರಾತ್ರಿ ಚೆನ್ನಾಗಿಯೇ ಓಡಿದ ಮಿಷನ್ ಬೆಳಗಿನ ಜಾವಕ್ಕೆ ಮಿಸುಕಾಡಲಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಮೈಸೂರಿನ ಡಿಸೆಂಬರ್, ಜನವರಿಯ ರಾತ್ರಿಗಳು 16-17 ಡಿಗ್ರಿಗೆ ಇಳಿಯುತ್ತವೆ. ಬಚ್ಚಲ ಗೂಡಿನ ಬಾಟಲಿಯಲ್ಲಿ ಬೆಳ್ಳಗೆ ಗಡ್ಡೆ ಕಟ್ಟುವ ಎಣ್ಣೆ ಮಿಷನ್ನಿನ ಒಳಗೂ ಹಾಗೆಯೇ ಕಟ್ಟಿಕೊಂಡಿತ್ತು. ಬಿಸಿಲೇರಿ ಅದು ಕರಗಿದರೂ ಅಂಟು ಪೂರ್ತಿ ಹೋಗಲು ಸೀಮೆಎಣ್ಣೆಯಿಂದ ಮೂರು ಸಲ ತೊಳೆಯಬೇಕಾಯಿತು. ಆ ದಿನ ರವಿಕೆಗಳನ್ನು ಕೈಯಲ್ಲೇ ಹೊಲಿದು ಕೊಟ್ಟೆ.

ತುಕ್ಕು ಹಿಡಿದ ಬೋಲ್ಟು ಬಿಡಿಸಲೆಂದು ಡಬ್ಬಿಯಲ್ಲಿ ಬರುವ ಸ್ಪ್ರೇಗಳನ್ನು ಎಣ್ಣೆಯ ಬದಲಿಗೆ ಹೊಡೆಯಬಾರದು. ಅವು ಹಳೆಯ ಜಿಡ್ಡನ್ನು ಸಡಿಲಿಸುತ್ತವೆ ನಿಜ, ಆದರೆ ಬೇಗ ಆರಿಹೋಗಿ ಲೋಹದ ಮೇಲೆ ಲೋಹ ಉಜ್ಜುವಂತೆ ಬಿಟ್ಟುಬಿಡುತ್ತವೆ. ಬೈಕಿನ ಎಂಜಿನ್ ಎಣ್ಣೆಯೂ ಬೇಡ, ಅದು ಈ ಸಣ್ಣ ಸಂದುಗಳಿಗೆ ತೀರ ಗಟ್ಟಿ.

ಕೆಲಸಕ್ಕೆ ಕೂರುವ ಮುನ್ನ

ಮಿಷನ್ನಿನ ಜೊತೆ ಬರುವ ದೊಡ್ಡದೊಂದು, ಚಿಕ್ಕದೊಂದು ತಿರುಪುಳಿ, ಹಳೆಯ ಹಲ್ಲುಜ್ಜುವ ಬ್ರಷ್, ಮಕ್ಕಳು ಬಣ್ಣ ಹಚ್ಚುವ ಸಣ್ಣ ಬ್ರಷ್, ಹಳೆಯ ಪಂಚೆಯ ಮೆತ್ತನೆಯ ತುಂಡುಗಳು, ಒಂದು ಚಿಮಟ, ಉದ್ದ ಮೂತಿಯ ಎಣ್ಣೆ ಕುಪ್ಪಿ, ತಿರುಪುಗಳನ್ನು ಹಾಕಿಡಲು ಅಂಚಿರುವ ಸ್ಟೀಲ್ ತಟ್ಟೆ. ಇಷ್ಟಿದ್ದರೆ ಸಾಕು. ಬನಿಯನ್ನಿನಂಥ ಹೆಣೆದ ಬಟ್ಟೆಯಲ್ಲಿ ಒರೆಸಿದರೆ ಅದರ ಹಿಂಜಲೇ ಮತ್ತೆ ಒಳಗೆ ಉಳಿಯುತ್ತದೆ, ಆದ್ದರಿಂದ ನೇಯ್ದ ಬಟ್ಟೆಯೇ ಮೇಲು. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಹಗಲು ಬೆಳಕಿನಲ್ಲಿ ಕೂರಿ.

ಮೋಟಾರ್ ಇದ್ದರೆ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಕೆಳಗಿನ ಪೆಡಲಿನ ಮೇಲೆ ಮಗುವೊಂದು ಕಾಲಿಟ್ಟರೆ ಬೆರಳಿಗೆ ಸೂಜಿ ನುಗ್ಗುತ್ತದೆ. ತುಳಿಯುವ ಮಿಷನ್ನಾದರೆ ಬೆಲ್ಟನ್ನು ಚಕ್ರದಿಂದ ಜಾರಿಸಿ. ಮೇಲಿನ ದಾರ ಬಿಚ್ಚಿ. ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸುತ್ತ ಸೂಜಿಯನ್ನು ಪೂರ್ತಿ ಮೇಲಕ್ಕೆ ತನ್ನಿ, ಆಮೇಲೆ ಸೂಜಿಯನ್ನೂ ಬಟ್ಟೆ ಒತ್ತುವ ಪಾದವನ್ನೂ ಬಿಚ್ಚಿಡಿ. ಸೂಜಿಯ ಬುಡದ ಚಪ್ಪಟೆ ಮೈ ಯಾವ ಕಡೆಗಿತ್ತು ಎಂಬುದನ್ನು ಬಿಚ್ಚುವ ಮೊದಲೇ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಇಲ್ಲಿಂದ ಮುಂದೆ ಒಂದೊಂದು ಭಾಗ ಬಿಚ್ಚುವಾಗಲೂ ಹಾಗೆಯೇ ಮಾಡಿ.

ಮೇಲಿನಿಂದ ಕೆಳಕ್ಕೆ

ಮನೆ ಗುಡಿಸುವಾಗ ಜೇಡರಬಲೆ ಮೊದಲು, ನೆಲ ಆಮೇಲೆ ಎಂಬ ಕ್ರಮವೇ ಇಲ್ಲಿಯದೂ. ನೆತ್ತಿಯ ಮೇಲಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ರಂಧ್ರಗಳ ಬಾಯಿಯನ್ನು ಬ್ರಷ್ಷಿನಿಂದ ಬಿಡಿಸಿ. ರಂಧ್ರದ ಧೂಳನ್ನು ಪಿನ್ನಿನಿಂದ ಒಳಕ್ಕೆ ತಳ್ಳಬೇಡಿ, ಮೀಟಿ ಹೊರಕ್ಕೆ ತೆಗೆಯಿರಿ. ಹಳೆಯ ಕರಿ ಮಿಷನ್ನುಗಳ ಮೈಮೇಲಿನ ಹೊಂಬಣ್ಣದ ಬಳ್ಳಿ ಚಿತ್ತಾರದ ಮೇಲೆ ಸ್ಪಿರಿಟ್, ಥಿನ್ನರ್ ಹಾಕಿ ಉಜ್ಜಬಾರದು, ಅದರ ಮೇಲಿನ ಅರಗಿನ ಮೆರುಗು ಕರಗಿ ಚಿತ್ತಾರವೇ ಎದ್ದುಬರುತ್ತದೆ. ಬಟ್ಟೆಗೆ ನಾಲ್ಕು ಹನಿ ಮಿಷನ್ ಎಣ್ಣೆ ಹಾಕಿ ಮೆಲ್ಲಗೆ ಒರೆಸಿದರೆ ಎಷ್ಟೋ ವರ್ಷದ ಕೊಳೆ ಬಿಡುತ್ತದೆ.

ಮೇಲಿನ ದಾರ ಬಿಗಿಯುವ ಎರಡು ಬಿಲ್ಲೆಗಳ ನಡುವೆ ಕೂತ ಹಿಂಜಲನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಪಾದ ಎತ್ತುವ ಹಿಡಿಯನ್ನು ಮೇಲಕ್ಕೆತ್ತಿದಾಗ ಈ ಬಿಲ್ಲೆಗಳು ಸಡಿಲವಾಗುತ್ತವೆ. ಆಗ ಒಗೆದ ಬಟ್ಟೆಯ ತೆಳು ಅಂಚನ್ನು ಅವುಗಳ ನಡುವೆ ತೂರಿಸಿ, ಹಿಂದಕ್ಕೂ ಮುಂದಕ್ಕೂ ಎಳೆದಾಡಿ. ಬಟ್ಟೆಯ ಅಡಿಭಾಗದಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬರುವ ತೊಂದರೆಗೆ ಎಷ್ಟೋ ಸಲ ಇಷ್ಟೇ ಮದ್ದು. ಈ ಬಿಲ್ಲೆಗಳಿಗೆ ಎಣ್ಣೆ ಎಂದೂ ಬಿಡಬಾರದು: ದಾರ ಜಾರುತ್ತದೆ, ಬಿಗಿ ನಿಲ್ಲುವುದಿಲ್ಲ, ಬಟ್ಟೆಗೂ ಕಲೆ.

ಎಡತುದಿಯಲ್ಲಿ ಒಂದೇ ತಿರುಪಿನ ಮುಖತಟ್ಟೆಯಿದೆ. ಅದನ್ನು ತೆಗೆದರೆ ಸೂಜಿಯ ಕಂಬಿ, ಪಾದದ ಕಂಬಿ, ದಾರವನ್ನು ಮೇಲೆ ಕೆಳಗೆ ಆಡಿಸುವ ಸನ್ನೆ ಇವು ಕಾಣುತ್ತವೆ. ಇಲ್ಲಿ ಧೂಳು ಕಡಿಮೆ, ಹಳೆಯ ಎಣ್ಣೆಯ ಕಂದು ಪೊರೆ ಹೆಚ್ಚು. ಅದನ್ನು ಒರೆಸಿ ತೆಗೆಯಿರಿ.

ಸೂಜಿಯ ಕೆಳಗೆ, ಶೆಟಲ್ಲಿನ ಗೂಡಿನಲ್ಲಿ

ಹೆಚ್ಚಿನ ಹೊತ್ತು ಕೊಡಬೇಕಾದ ಜಾಗ ಇದೇ. ಸೂಜಿ ತಟ್ಟೆಯ ಎರಡು ತಿರುಪುಗಳಿಗೆ ಸರಿಯಾಗಿ ಕೂರುವ ದೊಡ್ಡ ತಿರುಪುಳಿಯನ್ನೇ ಬಳಸಿ. ಚಿಕ್ಕದರಿಂದ ಮೀಟಿದರೆ ತಿರುಪಿನ ತಲೆಯ ಗೀರು ಸವೆದು ಮುಂದೆ ಅದು ಬಿಚ್ಚಲು ಬಾರದು. ತಟ್ಟೆ ತೆಗೆದ ಮೇಲೆ ಬಟ್ಟೆಯನ್ನು ಹಿಂದಕ್ಕೆ ಎಳೆಯುವ ಹಲ್ಲುಪಟ್ಟಿ ಪೂರ್ತಿ ಕಾಣುತ್ತದೆ. ಹಲ್ಲಿನ ಸಾಲುಗಳ ನಡುವಿನ ಸಂದಿನಲ್ಲಿ ಒತ್ತಿಕೊಂಡಿರುವ ಪದರವನ್ನು ಚಿಮಟದಿಂದ ಎತ್ತಿ, ಉಳಿದುದನ್ನು ಬ್ರಷ್ಷಿನಿಂದ ನಿಮ್ಮ ಕಡೆಗೆ ಗುಡಿಸಿಕೊಳ್ಳಿ. ಈ ಪದರ ದಪ್ಪವಾದಷ್ಟೂ ಹಲ್ಲುಪಟ್ಟಿ ತನ್ನ ಪೂರ್ತಿ ಓಟವನ್ನು ಓಡಲಾರದೆ ಬಟ್ಟೆ ಮುಂದೆ ಸಾಗುವುದಿಲ್ಲ. ಹೊಲಿಗೆ ಚಿಕ್ಕದಾಗುತ್ತ ಬಂತು ಎಂದು ಟೆನ್ಷನ್ ತಿರುಗಿಸುತ್ತ ಕೂರುವವರು ಮೊದಲು ಇಲ್ಲಿ ನೋಡಬೇಕು. ಬಾಯಿಂದ ಊದಬೇಡಿ. ಉಸಿರಿನ ತೇವ ಉಕ್ಕಿಗೆ ತಗುಲುತ್ತದೆ, ಧೂಳೂ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ.

ಇನ್ನು ಎಡಗಡೆಯ ಜಾರುತಟ್ಟೆಯನ್ನು ಸರಿಸಿ. ಬಾಬಿನ್ ಕೇಸಿನ ಸಣ್ಣ ಚಿಲಕವನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆಳೆದರೆ ಕೇಸ್ ಬರುತ್ತದೆ. ಚಿಲಕ ಹಿಡಿದಿರುವವರೆಗೆ ಬಾಬಿನ್ ಬೀಳುವುದಿಲ್ಲ. ಕೇಸಿನ ಹೊರಮೈಯಲ್ಲಿರುವ ಎಲೆಯಂಥ ತೆಳು ಪಟ್ಟಿಯ ಅಡಿಯಲ್ಲೇ ಕೆಳದಾರ ಹಾದುಬರುವುದು. ಅದರ ಕೆಳಗೆ ಕೂದಲೆಳೆಯಷ್ಟು ಹಿಂಜಲು ಸಿಕ್ಕಿದರೂ ಕೆಳದಾರ ಸಡಿಲವಾಗುತ್ತದೆ. ತಿರುಪು ಮುಟ್ಟದೆ, ದಪ್ಪ ಕಾಗದದ ಮೂಲೆಯೊಂದನ್ನು ಪಟ್ಟಿಯ ಅಡಿಯಲ್ಲಿ ಎಳೆದು ಅದನ್ನು ತೆಗೆಯಿರಿ. ಮತ್ತೆ ದಾರ ಹಾಕಿ, ದಾರದ ತುದಿ ಹಿಡಿದು ಕೇಸನ್ನು ತೂಗಿಬಿಟ್ಟು ನೋಡಿ. ತಾನಾಗಿ ಜಾರದೆ, ಕೈಯನ್ನು ಮೆಲ್ಲಗೆ ಒಮ್ಮೆ ಝಾಡಿಸಿದಾಗ ಒಂದೆರಡು ಅಂಗುಲ ಇಳಿದು ನಿಂತರೆ ಬಿಗಿ ಸರಿಯಾಗಿದೆ.

ಕೇಸ್ ತೆಗೆದ ಗೂಡಿನಲ್ಲಿ ಉಳಿದಿರುವುದು ಶೆಟಲ್. ಅದನ್ನು ತಡೆದು ಹಿಡಿದಿರುವ ಉಂಗುರದ ಎರಡೂ ಪಕ್ಕದಲ್ಲಿ ಸಣ್ಣ ಹಿಡಿಗಳಿವೆ. ಅವೆರಡನ್ನೂ ಹೊರಮುಖವಾಗಿ ತಿರುಗಿಸಿದರೆ ಉಂಗುರ ಕೈಗೆ ಬರುತ್ತದೆ. ಆಮೇಲೆ ಶೆಟಲ್ಲಿನ ನಡುವಿನ ಮೊಳೆಯನ್ನು ಹಿಡಿದು ನೇರವಾಗಿ ಹೊರಕ್ಕೆ ತೆಗೆಯಿರಿ. ಕೈಯಲ್ಲಿಟ್ಟು ನೋಡಿದರೆ ಅದು ಬಿದಿಗೆಯ ಚಂದ್ರನ ಹಾಗಿದ್ದು, ಒಂದು ತುದಿ ಕೊಕ್ಕಿನಂತೆ ಚೂಪಾಗಿರುತ್ತದೆ. ಆ ಕೊಕ್ಕೇ ಸೂಜಿಯ ದಾರದ ಕುಣಿಕೆಯನ್ನು ಹಿಡಿಯುವಂಥದ್ದು. ಅದರ ಮೇಲೆ ಉಗುರನ್ನು ಹಗುರಾಗಿ ಆಡಿಸಿ. ಎಲ್ಲಾದರೂ ಉಗುರು ತೊಡರಿದರೆ ಅಲ್ಲಿ ಮುಕ್ಕಾಗಿದೆ, ನಿಮ್ಮ ದಾರ ಪದೇ ಪದೇ ಹರಿಯುವುದಕ್ಕೆ ಅದೇ ಕಾರಣ. ಅಂಥ ಶೆಟಲ್ಲನ್ನು ಉಜ್ಜಿ ಸರಿಮಾಡಲು ಹೋಗುವುದಕ್ಕಿಂತ ಬದಲಿಸುವುದು ಮೇಲು.

ಗೂಡಿನ ಒಳಗೋಡೆಯ ಸುತ್ತ ಶೆಟಲ್ ಆಡುವ ಕಾಲುವೆಯಿದೆ. ಬಟ್ಟೆಯನ್ನು ತಿರುಪುಳಿಯ ತುದಿಗೆ ಸುತ್ತಿ ಆ ಕಾಲುವೆಯನ್ನು ಸುತ್ತಲೂ ಒರೆಸಿ. ಕರಿಯ ಕಲ್ಕ ಬರುವುದು ನಿಲ್ಲುವ ತನಕ ಬಟ್ಟೆ ಬದಲಿಸುತ್ತ ಒರೆಸಬೇಕು. ತುಂಡು ದಾರಗಳು ಇಲ್ಲಿಯೇ ಮೂಲೆ ಹಿಡಿದು ಕೂತಿರುತ್ತವೆ, ಅರ್ಧ ಅಂಗುಲದ ಒಂದು ದಾರ ಸಾಕು, ಇಡೀ ಮಿಷನ್ನನ್ನು ಕಟ್ಟಿಹಾಕಲು.

ಮತ್ತೆ ಜೋಡಿಸುವಾಗ ಹೊಸಬರು ಗಾಬರಿಯಾಗುವುದುಂಟು. ಗೂಡಿನೊಳಗೆ ಶೆಟಲ್ಲನ್ನು ದೂಡುವ ಅರ್ಧಚಂದ್ರದ ತುಂಡು ಒಂದು ಬದಿಗಿರುತ್ತದೆ; ಶೆಟಲ್ಲಿನ ಅರ್ಧಚಂದ್ರ ಅದರ ಎದುರು ಬದಿಗೆ ಬಂದು, ಎರಡೂ ಸೇರಿ ಹುಣ್ಣಿಮೆಯಾಗಬೇಕು. ಮೊಳೆ ನಿಮ್ಮ ಕಡೆಗಿರಲಿ. ಉಂಗುರವಿಟ್ಟು ಎರಡೂ ಹಿಡಿಗಳನ್ನು ಮುಚ್ಚಿ, ಚಕ್ರವನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ನಿಮ್ಮ ಕಡೆಗೆ ತಿರುಗಿಸಿ. ಎಲ್ಲಿಯೂ ತಡೆಯದಿದ್ದರೆ ಸರಿ ಕೂತಿದೆ. ತಡೆದರೆ ಬಲ ಹಾಕದೆ ತೆಗೆದು ಮತ್ತೆ ಇಡಿ. ಬಾಬಿನ್ ಕೇಸನ್ನು ಹಾಕುವಾಗ ಅದರ ಕೊಂಬು ಉಂಗುರದ ಕಚ್ಚಿನಲ್ಲಿ ಕೂತು 'ಟಿಕ್' ಎಂಬ ಸದ್ದು ಬರಬೇಕು. ಆ ಸದ್ದು ಬಾರದೆ ಹೊಲಿಯತೊಡಗಿದರೆ ಮೊದಲ ಹೊಲಿಗೆಗೇ ಸೂಜಿ ಮುರಿಯುತ್ತದೆ.

ಜಿಡ್ಡು ಗಟ್ಟಿಯಾಗಿದ್ದರೆ

ಅಜ್ಜಿಯ ಕಾಲದ, ವರ್ಷಗಳಿಂದ ಮುಟ್ಟದ ಮಿಷನ್ನಿಗೆ ನೇರವಾಗಿ ಎಣ್ಣೆ ಬಿಟ್ಟರೆ ಪ್ರಯೋಜನವಿಲ್ಲ. ಮೊದಲು ಎಣ್ಣೆ ರಂಧ್ರಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು, ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿ, ರಾತ್ರಿಯೆಲ್ಲ ಹಾಗೆಯೇ ಬಿಡಿ. ಮೇಲಿನ ದಾರ ಬಿಚ್ಚಿರುವುದರಿಂದ ಚಕ್ರವನ್ನು ಹೀಗೆ ಆಡಿಸಿದರೆ ಭಯವಿಲ್ಲ. ಮರುದಿನ ಕಂದು ಬಣ್ಣದ ರಸ ಕೆಳಗೆ ಇಳಿದಿರುತ್ತದೆ. ಅದನ್ನು ಒರೆಸಿ, ಬೇಕಾದರೆ ಇನ್ನೊಮ್ಮೆ ಮಾಡಿ, ಸೀಮೆಎಣ್ಣೆ ಪೂರ್ತಿ ಆರಿದ ಮೇಲೆಯೇ ಮಿಷನ್ ಎಣ್ಣೆ ಬಿಡಬೇಕು. ಈ ಕೆಲಸ ಬಾಗಿಲು ಕಿಟಕಿ ತೆರೆದ ಜಾಗದಲ್ಲಿ, ಒಲೆ, ದೇವರ ದೀಪ, ಊದುಬತ್ತಿ ಇಲ್ಲದ ಕಡೆ ನಡೆಯಲಿ. ಪೆಟ್ರೋಲ್ ಮುಟ್ಟಲೇಬೇಡಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಅಡುಗೆಮನೆಯ ಮೂಲೆಗೆ ಎಸೆಯದೆ, ಹೊರಗೆ ಬಿಡಿಸಿ ಆರಹಾಕಿ.

ಎಣ್ಣೆ ಬಿಡುವುದು

ಒಂದು ಜಾಗಕ್ಕೆ ಒಂದು ಹನಿ, ಹೆಚ್ಚೆಂದರೆ ಎರಡು. ನೆತ್ತಿಯ ರಂಧ್ರಗಳಿಗೆ, ಚಕ್ರದ ಬುಡದಲ್ಲಿ ದಂಡ ಒಳಗೆ ಹೋಗುವ ಕಡೆಗೆ, ಮುಖತಟ್ಟೆಯ ಒಳಗೆ ಸೂಜಿ ಕಂಬಿಗೆ ಮತ್ತು ದಾರದ ಸನ್ನೆಯ ಕೀಲುಗಳಿಗೆ, ಬಾಬಿನ್ ಸುತ್ತುವ ಗಾಲಿಯ ನಡುವಿಗೆ, ಹಾಗೂ ಶೆಟಲ್ಲಿನ ಕಾಲುವೆಗೆ. ಪಾದದ ಕಂಬಿ ಹೆಚ್ಚು ಆಡುವುದಿಲ್ಲ, ಅದಕ್ಕೆ ಬೆರಳಿಗೆ ಅಂಟಿದ ಎಣ್ಣೆಯನ್ನು ಸವರಿದರೆ ಸಾಕು.

ಅಡಿಭಾಗಕ್ಕೆ ಎಣ್ಣೆ ಬಿಡಲು ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಲಗಿಸಬೇಕು. ಕಬ್ಬಿಣದ ತಲೆ ಹತ್ತು ಕಿಲೋಗೂ ಮೇಲ್ಪಟ್ಟು ತೂಗುತ್ತದೆ, ಅದನ್ನು ಹಿಡಿದಿರುವುದು ಹಿಂಬದಿಯ ಎರಡೇ ಕೀಲುಗಳು. ಆ ಕೀಲಿನ ತಿರುಪುಗಳು ಬಿಗಿಯಾಗಿವೆಯೇ ಎಂದು ನೋಡದೆ ತಲೆ ಎತ್ತಬೇಡಿ. ಹಿಂದೆ ದಿಂಬನ್ನೋ ಮರದ ತುಂಡನ್ನೋ ಆನಿಸಿ, ಮಕ್ಕಳನ್ನು ದೂರ ಕಳಿಸಿ, ಒಂದು ಕೈ ಸದಾ ತಲೆಯ ಮೇಲಿರಲಿ. ಮಲಗಿಸಿದ ಮೇಲೆ ಇನ್ನೊಂದು ಕೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಕೆಳಗಿನ ದಂಡಗಳನ್ನು ನೋಡಿ: ಎಲ್ಲಿ ಒಂದು ಲೋಹ ಇನ್ನೊಂದರ ಮೇಲೆ ಉಜ್ಜುತ್ತದೋ ಅಲ್ಲೆಲ್ಲ ಒಂದೊಂದು ಹನಿ. ಕೈಪಿಡಿ ಕಳೆದುಹೋಗಿದ್ದರೂ ಹೀಗೆ ನೋಡಿಯೇ ಎಣ್ಣೆಯ ಜಾಗಗಳನ್ನೆಲ್ಲ ಕಂಡುಕೊಳ್ಳಬಹುದು.

ಕೆಳಗಿನ ಸ್ಟ್ಯಾಂಡನ್ನು ಮರೆಯುವವರೇ ಹೆಚ್ಚು. ತುಳಿಯುವ ಹಲಗೆಯ ಎರಡು ಪಕ್ಕದ ಕೀಲು, ಹಲಗೆಯಿಂದ ದೊಡ್ಡ ಗಾಲಿಗೆ ಹೋಗುವ ಕಂಬಿಯ ಎರಡು ತುದಿ, ಗಾಲಿಯ ನಡುಮೊಳೆ ಇವುಗಳಿಗೆ ಒಂದೊಂದು ಹನಿ ಹೆಚ್ಚಾಗಿಯೇ ಬಿಡಿ. ಗಾಲಿಯ ಮೊಳೆಗೆ ಸುತ್ತಿಕೊಂಡ ಕೂದಲು, ದಾರಗಳನ್ನು ಮೊದಲು ಕತ್ತರಿಸಿ ತೆಗೆಯಿರಿ; ಕಾಲು ಸೋಲುವುದಕ್ಕೆ ಮೇಲಿನ ಮಿಷನ್ನನ್ನು ದೂರುವವರ ತೊಂದರೆ ಎಷ್ಟೋ ಸಲ ಇಲ್ಲಿ ಸಿಗುತ್ತದೆ. ಚರ್ಮದ ಬೆಲ್ಟಿಗೆ ಮಾತ್ರ ಎಣ್ಣೆ ತಾಗಬಾರದು, ತಾಗಿದರೆ ಜಾರುತ್ತದೆ. ಬೆಲ್ಟ್ ಸಡಿಲವಾಗಿದ್ದರೆ ಕಾಲು ಅಂಗುಲ ಕತ್ತರಿಸಿ, ತುದಿಗೆ ಹೊಸ ರಂಧ್ರ ಕೊರೆದು, ಕೊಂಡಿ ಹಾಕಿ ಬಿಗಿಮಾಡಿ. ಮೋಟಾರಿನ ಒಳಗೆ ಎಣ್ಣೆ ಬಿಡಬೇಡಿ, ಅದು ವಿದ್ಯುತ್ತಿನ ಜಾಗ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ನನ್ನ ಅನುಭವದ ಉತ್ತರ ಇಷ್ಟು. ದಿನವಿಡೀ ಹೊಲಿಯುವವರು ಪ್ರತಿ ಬೆಳಿಗ್ಗೆ ಶೆಟಲ್ ಗೂಡನ್ನು ಗುಡಿಸಿ ಅಲ್ಲಿಗೊಂದು ಹನಿ, ವಾರಕ್ಕೊಮ್ಮೆ ಉಳಿದೆಡೆ. ಮನೆಯ ಸಣ್ಣಪುಟ್ಟ ಹೊಲಿಗೆಯವರಿಗೆ ತಿಂಗಳಿಗೊಮ್ಮೆ ಸಾಕು. ಎರಡು ಮೂರು ತಿಂಗಳು ಮುಟ್ಟದೆ ಇಟ್ಟಿದ್ದರೆ ಹೊಲಿಯುವ ಮೊದಲು ಒಮ್ಮೆ.

ಎಣ್ಣೆಯನ್ನು ಓಡಿಸಿ, ಒರೆಸಿ

ಎಣ್ಣೆ ಬಿಟ್ಟೊಡನೆ ಮುಖತಟ್ಟೆ, ಸೂಜಿ ತಟ್ಟೆ, ಪಾದ ಹಾಕಿ, ಬೆಲ್ಟನ್ನು ಮತ್ತೆ ಏರಿಸಿ, ದಾರವಿಲ್ಲದೆ ಎರಡು ಮೂರು ನಿಮಿಷ ತುಳಿಯಿರಿ. ಪಾದ ಮೇಲಿರಲಿ, ಕೆಳಗೆ ಬಟ್ಟೆಯಿಲ್ಲದೆ ಪಾದ ಇಳಿಸಿ ಓಡಿಸಿದರೆ ಹಲ್ಲುಪಟ್ಟಿಯೂ ಪಾದವೂ ಒಂದನ್ನೊಂದು ಸವೆಸುತ್ತವೆ. ಮೊದಲ ನಿಮಿಷದ ಕಟಕಟ ಸದ್ದು ತಗ್ಗಿ, ಒಂದೇ ಸಮನಾದ ಮೆತ್ತನೆಯ ಸದ್ದಾಗುವುದು ಕಿವಿಗೇ ತಿಳಿಯುತ್ತದೆ. ಆಮೇಲೆ ಸೂಜಿ ಕಂಬಿಯ ತುದಿ, ಪಾದದ ಕಂಬಿ, ಶೆಟಲ್ಲಿನ ಅಂಚು ಇವುಗಳಿಂದ ಹೊರಬಂದ ಎಣ್ಣೆಯನ್ನು ಒರೆಸಿ, ಪಾದದ ಕೆಳಗೆ ಮಡಿಸಿದ ಹತ್ತಿ ಬಟ್ಟೆಯೊಂದನ್ನಿಟ್ಟು ರಾತ್ರಿಯೆಲ್ಲ ಬಿಡಿ. ಹೆಚ್ಚುವರಿ ಎಣ್ಣೆ ಆ ಬಟ್ಟೆಗೆ ಇಳಿಯುತ್ತದೆ. ಹಳೆಯ ಸೂಜಿಯನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಿ: ಸಾಧಾರಣ ಹತ್ತಿ ಬಟ್ಟೆಗೆ 14 ಅಥವಾ 16ನೇ ನಂಬರಿನದು, ರೇಷ್ಮೆಗೆ 11ನೇ ನಂಬರಿನದು. ಸೂಜಿಯ ಬುಡ ಮೇಲಿನ ತನಕ ತಾಗುವಂತೆ ದೂಡಿ ತಿರುಪು ಬಿಗಿಯಿರಿ.

ಇಷ್ಟಾದರೂ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದ್ದರೆ, ಅಂದರೆ ಕೊಕ್ಕು ಸೂಜಿಯ ಕುಣಿಕೆಯನ್ನು ಸರಿಯಾದ ಹೊತ್ತಿಗೆ ಹಿಡಿಯದಿದ್ದರೆ, ಅಥವಾ ಸೀಮೆಎಣ್ಣೆಗೂ ಚಕ್ರ ಮಿಸುಕದಿದ್ದರೆ, ಅದು ಮೆಕ್ಯಾನಿಕ್ಕಿನ ಕೆಲಸ. ಒಳದಂಡದ ತಿರುಪುಗಳನ್ನು ಸಡಿಲಿಸಿ ಸರಿಮಾಡಲು ಹೋಗಬೇಡಿ. ಅವುಗಳ ಜಾಗ ಒಂದು ಕೂದಲೆಳೆ ಸರಿದರೂ ಮಿಷನ್ ಹೊಲಿಯುವುದಿಲ್ಲ.

ಬಟ್ಟೆಗೆ ಎಣ್ಣೆ ತಾಗಿಯೇಬಿಟ್ಟರೆ ನೀರು ಹಾಕಿ ಉಜ್ಜುವುದು ಮೊದಲ ತಪ್ಪು, ರೇಷ್ಮೆಯಾದರಂತೂ ದೊಡ್ಡ ತಪ್ಪು. ಕೂಡಲೇ ಅದರ ಮೇಲೆ ದಪ್ಪಗೆ ಮುಖದ ಪೌಡರ್ ಉದುರಿಸಿ, ಒತ್ತದೆ ಒಂದು ಗಂಟೆ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಕೊಡವಿ. ಕಲೆ ಉಳಿದರೆ ಮತ್ತೊಮ್ಮೆ. ಹತ್ತಿಯಾದರೆ ಆಮೇಲೆ ಸೋಪಿನಿಂದ ಒಗೆಯಬಹುದು, ಮೈಸೂರು ರೇಷ್ಮೆಯ ಸೀರೆ, ರವಿಕೆಯಾದರೆ ಡ್ರೈಕ್ಲೀನಿಂಗಿಗೆ ಕೊಡಿ, ಕಲೆ ಎಣ್ಣೆಯದೆಂದು ಹೇಳಿಯೇ ಕೊಡಿ.

ಇನ್ನು ಆಯುಧಪೂಜೆಯ ದಿನದ ಮಾತು. ಕುಂಕುಮ, ಅರಿಶಿನ, ವಿಭೂತಿ ಮೂರೂ ನುಣ್ಣನೆಯ ಪುಡಿಗಳು. ಎಣ್ಣೆ ರಂಧ್ರದೊಳಗೆ ಬಿದ್ದರೆ ಎಣ್ಣೆಯೊಡನೆ ಸೇರಿ ಕೀಲನ್ನು ಅರೆಯುತ್ತವೆ. ಪೂಜೆಗೆ ಮುನ್ನ ನೆತ್ತಿಯ ರಂಧ್ರಗಳ ಮೇಲೆ ಸಣ್ಣ ಕಾಗದ ಅಂಟಿಸಿ, ಕುಂಕುಮವನ್ನು ನೀರಲ್ಲಿ ಕಲಸಿ ಬಲಗಡೆಯ ಕಂಬದ ಅಗಲ ಮೈಗೆ ಇಡಿ, ಸೂಜಿಯ ಕಡೆಗಾಗಲಿ ಚಕ್ರದ ಬುಡಕ್ಕಾಗಲಿ ಬೇಡ. ಹಾರವನ್ನೂ ಅದೇ ಕಂಬಕ್ಕೆ ಹಾಕಿ, ನೀರು ಸಿಂಪಡಿಸುವ ಬದಲು ಹೂವನ್ನಷ್ಟೇ ಏರಿಸಿ. ಮರುದಿನ ಬೆಳಿಗ್ಗೆ ಹಾರ ತೆಗೆದು, ಒಣಬಟ್ಟೆಯಲ್ಲಿ ಪುಡಿ ಒರೆಸಿ, ಕಾಗದ ಕಿತ್ತು, ಬಿಳಿಯ ಹತ್ತಿಯ ತುಂಡೊಂದರ ಮೇಲೆ ಬಿಳಿ ದಾರದಲ್ಲಿ ನಾಲ್ಕು ಸಾಲು ನೇರ ಹೊಲಿಗೆ ಹಾಕಿ ನೋಡಿ. ದಾರದ ಮೇಲೆ ಬೂದು ಬಣ್ಣದ ಗೆರೆ ಕಂಡರೆ ಇನ್ನೂ ನಾಲ್ಕು ಸಾಲು ಹಾಕಿ. ಗೆರೆ ಪೂರ್ತಿ ಹೋದ ಮೇಲೆ ಒಳ್ಳೆಯ ಬಟ್ಟೆಯನ್ನು ಪಾದದ ಕೆಳಗಿಡಿ.